ಅವಸರದ ವಸಂತ

ಮಿಷಿಗನ್‌ನಲ್ಲಿ ನಾಲ್ಕಾರು ಚಳಿಗಾಲ ಕಳೆದ ನಮ್ಮವರಿಗೆಲ್ಲ ಒಂದು ದೌರ್ಬಲ್ಯ ಅಂಟಿಕೊಂಡುಬಿಡುತ್ತದೆ. ಮಾರ್ಚ್ ತಿಂಗಳಲ್ಲಿ ಎರಡು ದಿನ ಬಿಸಿಲು ಕಂಡರೆ ಸಾಕು, ದಪ್ಪ ಜಾಕೆಟ್ಟು ಗೂಟದಿಂದ ಇಳಿದು ಬೀರು ಸೇರುತ್ತದೆ, ಗರಾಜಿನ ಮೂಲೆಯಿಂದ ಗ್ರಿಲ್ ಹೊರಗೆ ಬರುತ್ತದೆ, "ಈ ಸಲದ ಚಳಿ ಮುಗೀತು ಕಣ್ರೀ" ಎಂದು ಫೋನಿನಲ್ಲಿ ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಳ್ಳುವುದೂ ನಡೆಯುತ್ತದೆ. ಟ್ರಾಯ್‌ನಲ್ಲಿರುವ ನಮಗೆ ಈ ಅವಸರಕ್ಕೆ ದೊಡ್ಡ ದಂಡವೇನೂ ಬೀಳುವುದಿಲ್ಲ. ಮುಂದಿನ ವಾರ ಸ್ನೋ ಸುರಿದರೆ ಜಾಕೆಟ್ಟು ಮತ್ತೆ ಮೈಮೇಲೆ ಬರುತ್ತದೆ, ಅಷ್ಟೆ. ಆದರೆ ಇದೇ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಮಿಷಿಗನ್ ಸರೋವರದ ದಂಡೆಯುದ್ದಕ್ಕೂ, ಒಮ್ಮೆ ಕಳಚಿದ ಜಾಕೆಟ್ಟನ್ನು ಮತ್ತೆ ತೊಡಲಾಗದ ಜೀವಿಗಳಿವೆ. ಅವು ಚೆರಿ, ಸೇಬು, ಪೀಚ್ ಮರಗಳು. 2012ರ ಮಾರ್ಚಿನಲ್ಲಿ ಬಂದ ಒಂದು ಬೆಚ್ಚನೆಯ ವಾರ ಅವುಗಳನ್ನು ಏನು ಮಾಡಿತು, ಹೇಗೆ ಮಾಡಿತು ಎಂಬುದನ್ನು ವಿವರಿಸುವ ಪ್ರಯತ್ನ ಇದು.

ಮೊದಲು ಆ ವಾರದ ಕಥೆ. ಶಿಕಾಗೊದಲ್ಲಿ ಮಾರ್ಚ್ ಮಧ್ಯದ ಮಧ್ಯಾಹ್ನಗಳು ಸಾಮಾನ್ಯವಾಗಿ ಐವತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವುದೂ ಕಷ್ಟ. ಆ ವರ್ಷ ಮಾರ್ಚ್ 14ರಿಂದ 22ರವರೆಗೆ ಒಂಬತ್ತು ದಿನ ಸತತವಾಗಿ ಅಲ್ಲಿ ದಾಖಲೆಯ ಶಾಖ. ಅದರಲ್ಲಿ ಎಂಟು ದಿನ ಪಾದರಸ 80 ದಾಟಿತು. 21ನೇ ತಾರೀಕು 87 ಮುಟ್ಟಿತು. ಮಿಷಿಗನ್‌ನ ಉತ್ತರ ತುದಿಯ ಹತ್ತಿರ ಪೆಲ್‌ಸ್ಟನ್ ಎಂಬ ಸಣ್ಣ ಊರಿದೆ, ಚಳಿಗೆ ಹೆಸರಾದದ್ದು. ಅಲ್ಲಿ ಮಾರ್ಚ್ 22ರ ಹಳೆಯ ದಾಖಲೆ 53 ಡಿಗ್ರಿ ಇತ್ತು. ಆ ದಿನ 85 ಆಯಿತು! ದಾಖಲೆಗಳು ಮುರಿಯುವುದು ಸಾಮಾನ್ಯವಾಗಿ ಒಂದೆರಡು ಡಿಗ್ರಿಯಿಂದ. 32 ಡಿಗ್ರಿಯಿಂದ ಅಲ್ಲ. ಮರುದಿನ, ಮಾರ್ಚ್ 23ರ ಶುಕ್ರವಾರ, ನಂದನ ಸಂವತ್ಸರದ ಯುಗಾದಿ. ಹಿಮದ ರಾಶಿಯ ನಡುವೆ ಬೇವು-ಬೆಲ್ಲ ತಿಂದು ಅಭ್ಯಾಸವಾದ ನಮಗೆ ಆ ಸಲ ಹೂಬಿಟ್ಟ ಮರಗಳೇ ಎದುರಾದವು. ಪಂಚಾಂಗವೂ ಹವಾಮಾನವೂ ಮಿಷಿಗನ್‌ನಲ್ಲಿ ಅಷ್ಟು ಚೆನ್ನಾಗಿ ಹೊಂದಿಕೊಂಡದ್ದು ಅಪರೂಪ.

ಇನ್ನು, ಸರೋವರದ ದಂಡೆಯನ್ನು 'ಕರಾವಳಿ' ಎನ್ನಬಹುದೇ? ಮಂಗಳೂರು, ಉಡುಪಿ ಕಡೆಯವರು ನಗಬಹುದು. ಆದರೆ ಮಿಷಿಗನ್ ಸರೋವರದ ಉದ್ದ ಸುಮಾರು 490 ಕಿಲೋಮೀಟರ್, ಸರಾಸರಿ ಆಳ ಸುಮಾರು 85 ಮೀಟರ್. ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ. ಉಪ್ಪು ಮತ್ತು ಉಬ್ಬರವಿಳಿತ ಬಿಟ್ಟರೆ ಸಮುದ್ರದ ಬಹುತೇಕ ಗುಣಗಳು ಇದಕ್ಕಿವೆ. ಎಲ್ಲಕ್ಕಿಂತ ಮುಖ್ಯವಾದ ಗುಣ ಸೋಮಾರಿತನ! ನೀರನ್ನು ಬಿಸಿಮಾಡಲು ಅಷ್ಟೇ ತೂಕದ ಒಣ ಮಣ್ಣಿಗಿಂತ ಸುಮಾರು ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಮೇಲಾಗಿ ಮಣ್ಣಿನಲ್ಲಿ ಬಿಸಿಲು ಮೇಲ್ಪದರಕ್ಕೆ ಮಾತ್ರ ತಟ್ಟುತ್ತದೆ, ನೀರಿನಲ್ಲಿ ಶಾಖ ಆಳಕ್ಕೆ ಕಲೆಸಿಹೋಗುತ್ತದೆ. ಹಾಗಾಗಿ ನೆಲ ಒಂದು ಮಧ್ಯಾಹ್ನದಲ್ಲಿ ಬಿಸಿಯಾದರೆ ಸರೋವರ ಬಿಸಿಯಾಗಲು ತಿಂಗಳುಗಳೇ ಬೇಕು. ಮಾರ್ಚಿನಲ್ಲಿ ಅದರ ನೀರು ಇನ್ನೂ ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ.

ನಮ್ಮ ಅರಬ್ಬಿ ಸಮುದ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ. ಮಂಗಳೂರಿನ ಕಡಲು ಮಾರ್ಚಿನಲ್ಲಿ 28-30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಂಜೆಯ ಕಡಲಗಾಳಿ ಮೈಗೆ ಹಿತ ನಿಜ, ಆದರೆ ಅದು ಚೈತ್ರವನ್ನು ತಡೆಯುವಷ್ಟು ತಣ್ಣಗಿರುವುದಿಲ್ಲ. ಮಿಷಿಗನ್ ಸರೋವರದ ಗಾಳಿ ವಸಂತವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ವಿಸ್ಕಾನ್ಸಿನ್ ಕಡೆಯಿಂದ ಬಂದ ಗಾಳಿ ತಣ್ಣೀರಿನ ಮೇಲೆ ಹಾದು, ತಂಪಾಗಿ, ಮಿಷಿಗನ್ ದಡ ಸೇರುತ್ತದೆ. ಹೀಗಾಗಿ ದಡದ ಮರಗಳು ಒಳನಾಡಿನ ಮರಗಳಿಗಿಂತ ತಡವಾಗಿ ಏಳುತ್ತವೆ. ಅವು ಕಣ್ಣುಬಿಡುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿದಿರುತ್ತವೆ. ಶರತ್ಕಾಲದಲ್ಲಿ ಇದೇ ಸರೋವರ ಬೇಸಿಗೆಯ ಶಾಖವನ್ನು ನಿಧಾನವಾಗಿ ಬಿಟ್ಟುಕೊಟ್ಟು ಚಳಿಯನ್ನು ಮುಂದೂಡುತ್ತದೆ. ಬೆಂಟನ್ ಹಾರ್ಬರ್, ಸೌತ್ ಹೇವನ್‌ನಿಂದ ಹಿಡಿದು ಉತ್ತರದ ಟ್ರಾವರ್ಸ್ ಸಿಟಿಯವರೆಗೆ ಹಣ್ಣಿನ ತೋಟಗಳು ಈ ದಡಕ್ಕೇ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಅಮೆರಿಕದ ಹುಳಿ ಚೆರಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಿಷಿಗನ್‌ನದ್ದು. ಆ ಬೆಳೆ ನಿಂತಿರುವುದು ಸರೋವರದ ಸೋಮಾರಿತನದ ಮೇಲೆ.

ಹಾಗಾದರೆ 2012ರಲ್ಲಿ ಈ ಕಾವಲುಗಾರ ಎಲ್ಲಿ ಹೋಗಿದ್ದ? ಎಲ್ಲಿಗೂ ಹೋಗಿರಲಿಲ್ಲ, ಗಾಳಿ ಬೇರೆ ದಾರಿಯಿಂದ ಬಂತು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಆ ದಿನಗಳಲ್ಲಿ ದೊಡ್ಡದಾಗಿ ಬಾಗಿ ಕೆನಡಾದ ಕಡೆಗೆ ಏರಿಬಿಟ್ಟಿತು. ಪೂರ್ವದಲ್ಲಿ ಅಧಿಕ ಒತ್ತಡದ ಒಂದು ರಾಶಿ ಜಾಗ ಬಿಡದೆ ಕೂತಿತು. ಅದರ ಪಕ್ಕದಿಂದ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ದಿನಗಟ್ಟಲೆ ಉತ್ತರಕ್ಕೆ ಹರಿಯಿತು. ಸರೋವರದ ತಂಪು ದಡಕ್ಕೆ ಬರಬೇಕಾದರೆ ಗಾಳಿ ನೀರನ್ನು ದಾಟಿ ಬರಬೇಕು, ಇಲ್ಲವೇ ಬೇರೆ ಗಾಳಿಯ ಜೋರಿಲ್ಲದೆ ಸರೋವರದ ಗಾಳಿಗೆ ಅವಕಾಶ ಸಿಗಬೇಕು. ದಕ್ಷಿಣದಿಂದ ನೆಲದ ಮೇಲೇ ಬಂದ ಗಾಳಿ ಈ ಎರಡಕ್ಕೂ ಎಡೆ ಕೊಡಲಿಲ್ಲ. ಚಳಿಗಾಲವೂ ಸೌಮ್ಯವಾಗಿದ್ದರಿಂದ ನೆಲದ ಮೇಲೆ ಕರಗಬೇಕಾದ ಹಿಮವೂ ಹೆಚ್ಚಿರಲಿಲ್ಲ. ಬಿಸಿಲಿನ ಶಾಖವೆಲ್ಲ ನೇರವಾಗಿ ಮಣ್ಣಿಗೆ ಹೋಯಿತು. ಭೂಮಿ ಒಟ್ಟಾರೆ ಬಿಸಿಯಾಗುತ್ತಿರುವುದು ಇದಕ್ಕೆ ತನ್ನ ಪಾಲನ್ನು ಸೇರಿಸಿದೆ, ಆದರೆ ಆ ವಾರದ ವಿಪರೀತ ಶಾಖಕ್ಕೆ ಮುಖ್ಯ ಕಾರಣ ಈ ಗಾಳಿಯ ಹರಿವು.

ಇಲ್ಲಿ ಸಾಹಿತ್ಯದ ಮಾತೊಂದು ನೆನಪಾಗುತ್ತದೆ. ನಮ್ಮ ಕವಿಗಳಿಗೆ ದಕ್ಷಿಣದ ಗಾಳಿ ಎಂದರೆ ಮಲಯಮಾರುತ, ವಸಂತನ ದೂತ. ಪಂಪ ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯವೂ ಆ ಗಾಳಿಯ ಸ್ಪರ್ಶದಿಂದಲೇ ಶುರುವಾಗುತ್ತದೆ. ಅದೇ ಪಂಪನ ಹೆಸರಿನ ಕನ್ನಡ ಕೂಟ ಇರುವ ಈ ಸೀಮೆಯಲ್ಲಿ ದಕ್ಷಿಣದ ಗಾಳಿ ಅಷ್ಟು ಸಾಧು ಅಲ್ಲ. ಆ ವಾರವೇ, ಮಾರ್ಚ್ 15ರಂದು, ಇದೇ ಬೆಚ್ಚನೆಯ ತೇವದ ಗಾಳಿಯಿಂದ ಎದ್ದ ಸುಂಟರಗಾಳಿ ಆನ್ ಆರ್ಬರ್ ಬಳಿಯ ಡೆಕ್ಸ್‌ಟರ್‌ನಲ್ಲಿ ನೂರಕ್ಕೂ ಹೆಚ್ಚು ಮನೆಗಳನ್ನು ಜಖಂ ಮಾಡಿತು. ಯಾರೂ ಸಾಯಲಿಲ್ಲ ಎಂಬುದೇ ಸಮಾಧಾನ.

ಈಗ ಮರದ ಕಡೆಗೆ ಬರೋಣ. ಮರಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಯುಗಾದಿಯೂ ಗೊತ್ತಿಲ್ಲ. ಅದರೊಳಗೆ ಎರಡು ಕೌಂಟರ್‌ಗಳಿವೆ ಎಂದುಕೊಳ್ಳಿ (ನನ್ನ ವೃತ್ತಿಯ ಭಾಷೆ, ಕ್ಷಮಿಸಿ). ಮೊದಲನೆಯದು ಚಳಿಯನ್ನು ಎಣಿಸುತ್ತದೆ. ಚೆರಿ ಮರಕ್ಕೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲಿನ ಚಳಿ ಸಾವಿರ ಗಂಟೆಯ ಆಸುಪಾಸು ಬೇಕು. ಅದು ತುಂಬುವವರೆಗೆ ಎಷ್ಟೇ ಬಿಸಿಲು ಬಂದರೂ ಮೊಗ್ಗು ಅಲುಗಾಡುವುದಿಲ್ಲ. ಇದು ಡಿಸೆಂಬರಿನ ಒಂದು ಬೆಚ್ಚನೆಯ ದಿನಕ್ಕೆ ಮರ ಮೋಸಹೋಗದಂತೆ ಪ್ರಕೃತಿ ಇಟ್ಟ ಬೀಗ. ಮಾರ್ಚ್ ಹೊತ್ತಿಗೆ ಈ ಲೆಕ್ಕ ಮುಗಿದು ಬೀಗ ತೆರೆದಿರುತ್ತದೆ. ಆಮೇಲೆ ಎರಡನೆಯ ಕೌಂಟರ್ ಶಾಖವನ್ನು ಎಣಿಸಲು ತೊಡಗುತ್ತದೆ.

ಶಾಖದ ಲೆಕ್ಕ ಸುಲಭ. ದಿನದ ಗರಿಷ್ಠ, ಕನಿಷ್ಠ ಉಷ್ಣತೆಗಳ ಸರಾಸರಿ ತೆಗೆದು, ಅದರಿಂದ ಒಂದು ಮೂಲಸಂಖ್ಯೆ, ಉದಾಹರಣೆಗೆ 50, ಕಳೆಯಿರಿ. ಮಾರ್ಚಿನ ಸಾಮಾನ್ಯ ದಿನ ಗರಿಷ್ಠ 46, ಕನಿಷ್ಠ 28 ಇದ್ದರೆ ಸರಾಸರಿ 37. ಐವತ್ತಕ್ಕಿಂತ ಕಡಿಮೆ, ಆದ್ದರಿಂದ ಆ ದಿನದ ಗಳಿಕೆ ಸೊನ್ನೆ. ಗರಿಷ್ಠ 80, ಕನಿಷ್ಠ 56 ಇರುವ ದಿನದ ಸರಾಸರಿ 68, ಗಳಿಕೆ 18. ಅಂಥ ಏಳು ದಿನಕ್ಕೆ 126. ಅಂದರೆ ಬೇರೆ ವರ್ಷ ಮಾರ್ಚ್ ಕೊನೆಗೆ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಂತಿರುವ ಕೌಂಟರ್, ಆ ವರ್ಷ ಒಂದೇ ವಾರದಲ್ಲಿ ಏಪ್ರಿಲ್ ದಾಟಿ ಓಡಿತು. ಗಮನಿಸಬೇಕಾದ ಸಂಗತಿ ಇನ್ನೊಂದು: ಈ ಕೌಂಟರ್ ಏರುತ್ತದೆ, ಇಳಿಯುವುದಿಲ್ಲ. ಮತ್ತೆ ಚಳಿ ಬಂದರೆ ಎಣಿಕೆ ನಿಲ್ಲುತ್ತದೆಯೇ ಹೊರತು ಹಿಂದಕ್ಕೆ ಹೋಗುವುದಿಲ್ಲ. ಬಿಚ್ಚಿದ ಮೊಗ್ಗಿಗೆ 'ಅನ್‌ಡೂ' ಬಟನ್ ಇಲ್ಲ!

ಕೊಡಗು, ಚಿಕ್ಕಮಗಳೂರು ಕಡೆಯ ಓದುಗರಿಗೆ ಇದು ಬೇಗ ಅರ್ಥವಾದೀತು. ಕಾಫಿ ಗಿಡದ ಮೊಗ್ಗು ಹೂಮಳೆಗಾಗಿ ಕಾದು ಕೂತಿರುತ್ತದೆ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಆದರೆ ಆ ಮಳೆ ತೀರ ಮುಂಚೆ ಬಂದು, ಆಮೇಲೆ ಬರಬೇಕಾದ ಎರಡನೆಯ ಮಳೆ ಕೈಕೊಟ್ಟರೆ? ಅಲ್ಲಿ ನೀರು, ಇಲ್ಲಿ ಶಾಖ. ಕಷ್ಟ ಮಾತ್ರ ಒಂದೇ ಜಾತಿಯದು.

ಮೊಗ್ಗು ಬಿಚ್ಚಿದಂತೆಲ್ಲ ಅದರ ಚಳಿ ತಾಳುವ ಶಕ್ತಿ ಕುಂದುತ್ತದೆ. ನಿದ್ದೆಯಲ್ಲಿರುವ ಚೆರಿ ಮೊಗ್ಗು ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದೇ ಅರಳಿದ ಹೂವಾದರೆ, 28 ಡಿಗ್ರಿಯಲ್ಲಿ ಅರ್ಧ ಗಂಟೆ ಇದ್ದರೆ ಹತ್ತರಲ್ಲಿ ಒಂದು ಹೂ ಸಾಯುತ್ತದೆ. 24-25 ಡಿಗ್ರಿಗೆ ಇಳಿದರೆ ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಲಾಭ-ನಷ್ಟದ ನಡುವಿನ ಅಂತರ ಮೂರು-ನಾಲ್ಕು ಡಿಗ್ರಿ ಅಷ್ಟೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಅರಳುವ ಟ್ರಾವರ್ಸ್ ಸಿಟಿಯ ಚೆರಿ, ಆ ವರ್ಷ ಸುಮಾರು ನಾಲ್ಕು ವಾರ ಮುಂದೆ ಓಡಿತು. ಏಪ್ರಿಲ್ ಮಾತ್ರ ಎಂದಿನ ಏಪ್ರಿಲ್ಲೇ ಆಗಿತ್ತು. ಒಂದಾದ ಮೇಲೊಂದು ಹೆಪ್ಪುಗಟ್ಟುವ ರಾತ್ರಿಗಳು ತಿಂಗಳ ಕೊನೆಯವರೆಗೂ ಬರುತ್ತಲೇ ಇದ್ದವು. ಆ ರಾತ್ರಿಗಳಲ್ಲಿ ವಿಶೇಷವೇನೂ ಇರಲಿಲ್ಲ; ಬೇರೆ ವರ್ಷವಾಗಿದ್ದರೆ ಮರಗಳು ನಿದ್ದೆಯಲ್ಲೇ ಅವನ್ನು ಕಳೆದುಬಿಡುತ್ತಿದ್ದವು.

ರೈತರು ಕೈಕಟ್ಟಿ ಕೂರಲಿಲ್ಲ. ಗಾಳಿಯಿಲ್ಲದ ನಿರ್ಮಲ ರಾತ್ರಿಯಲ್ಲಿ ತಣ್ಣನೆಯ ಗಾಳಿ ನೆಲದಲ್ಲಿ ತಂಗಿ, ನಲವತ್ತು-ಐವತ್ತು ಅಡಿ ಮೇಲೆ ತುಸು ಬೆಚ್ಚಗಿರುತ್ತದೆ. ಕಂಬದ ಮೇಲಿನ ದೊಡ್ಡ ಫ್ಯಾನುಗಳಿಂದ, ಕೆಲವೆಡೆ ಹೆಲಿಕಾಪ್ಟರುಗಳಿಂದ, ಆ ಬೆಚ್ಚನೆಯ ಗಾಳಿಯನ್ನು ಕೆಳಗೆ ಎಳೆದು ಮರಗಳಿಗೆ ಹೊದಿಸಿದರು. ಆದರೆ ಉತ್ತರದ ಚಳಿಗಾಳಿಯೇ ಬೀಸುತ್ತಿದ್ದರೆ ಮೇಲೆ ಬೆಚ್ಚನೆಯ ಪದರವೇ ಇರುವುದಿಲ್ಲ. ಫ್ಯಾನು ಚಳಿಯನ್ನೇ ಕಲೆಸುತ್ತದೆ.

ಫಲಿತಾಂಶ? 2011ರಲ್ಲಿ ಸುಮಾರು 15 ಕೋಟಿ 75 ಲಕ್ಷ ಪೌಂಡ್ ಇದ್ದ ಮಿಷಿಗನ್‌ನ ಹುಳಿ ಚೆರಿ, 2012ರಲ್ಲಿ 1 ಕೋಟಿ 16 ಲಕ್ಷಕ್ಕೆ ಕುಸಿಯಿತು. ಎರಡು ಕೋಟಿ ಬುಷೆಲ್ ದಾಟುತ್ತಿದ್ದ ಸೇಬು ಸುಮಾರು 27 ಲಕ್ಷ ಬುಷೆಲ್‌ಗೆ ಇಳಿಯಿತು. ಹುಳಿ ಚೆರಿಗೆ ಆಗ ಫೆಡರಲ್ ಬೆಳೆವಿಮೆ ಇರಲಿಲ್ಲ. ಸರ್ಕಾರ ಕೊಟ್ಟದ್ದು ಕಡಿಮೆ ಬಡ್ಡಿಯ ಸಾಲ. ಸಂಸ್ಕರಣೆಯ ಕಾರ್ಖಾನೆಗಳು ಪೋಲೆಂಡಿನಿಂದ ಚೆರಿ ತರಿಸಿಕೊಂಡವು. ಹಣ್ಣು ಕೀಳಲು ಪ್ರತಿವರ್ಷ ದಕ್ಷಿಣದಿಂದ ಸಂಸಾರ ಸಮೇತ ಬರುವ ಕೂಲಿಗಳಿಗೆ ಕೀಳಲು ಹಣ್ಣಿಲ್ಲ. ನಾವು ಐಸ್‌ಕ್ರೀಂ ತಿನ್ನುತ್ತ ಸವಿದ ಒಂದು ವಾರದ ಬೆಲೆಯನ್ನು ಹೀಗೆ ಬೇರೆಯವರು ತೆತ್ತರು.

ಮರಗಳು ಮಾತ್ರ ಸಾಯಲಿಲ್ಲ. ಹಣ್ಣು ಹೊರುವ ಕೆಲಸವಿಲ್ಲದೆ ಒಂದು ವರ್ಷ ದಣಿವಾರಿಸಿಕೊಂಡು, 2013ರಲ್ಲಿ ಸುಮಾರು ಮೂರು ಕೋಟಿ ಬುಷೆಲ್ ಸೇಬು ಕೊಟ್ಟವು. ಮರಕ್ಕೆ ಒಂದು ವರ್ಷ ತಪ್ಪಿದರೆ ನಡೆಯುತ್ತದೆ. ಸಾಲದ ಕಂತು ಕಟ್ಟುವ ಮನೆಗೆ ನಡೆಯುವುದಿಲ್ಲ. ಹುಳಿ ಚೆರಿಯ ಬೆಳೆ ಅದಕ್ಕೆ ಹತ್ತೇ ವರ್ಷ ಹಿಂದೆ, 2002ರಲ್ಲಿಯೂ, ಇದೇ ರೀತಿ ನೆಲಕಚ್ಚಿತ್ತು. ವಸಂತ ಮುಂದೆ ಮುಂದೆ ಬರುತ್ತ, ಕೊನೆಯ ಹಿಮದ ರಾತ್ರಿ ಅಷ್ಟೇ ವೇಗವಾಗಿ ಹಿಂದೆ ಸರಿಯದಿದ್ದರೆ, ಇವೆರಡರ ನಡುವಿನ ಅಪಾಯದ ವಾರಗಳು ಹೆಚ್ಚುತ್ತವೆ. ಹಣ್ಣಿನ ರೈತನ ಚಿಂತೆ ಇದೇ.

ಆದ್ದರಿಂದ ಮಿತ್ರರೇ, ಮುಂದಿನ ಮಾರ್ಚಿನಲ್ಲಿ ಟೀವಿಯವರು ನಗುನಗುತ್ತ "ಈ ವಾರವೆಲ್ಲ ಬೆಚ್ಚಗೆ" ಎಂದಾಗ ಎರಡು ಸಂಗತಿ ನೋಡಿ: ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ, ರಾತ್ರಿಯ ಉಷ್ಣತೆ ಎಷ್ಟಿದೆ. ಎರಡು ದಿನದ ಬಿಸಿಲಾದರೆ ಖುಷಿಪಡಿ. ರಾತ್ರಿಯೂ ಬೆಚ್ಚಗಿರುವ ದಕ್ಷಿಣದ ಗಾಳಿ ವಾರಗಟ್ಟಲೆ ಬೀಸಿದರೆ ದಡದ ಮರಗಳ ಲೆಕ್ಕ ಓಡುತ್ತಿದೆ ಎಂದು ತಿಳಿಯಿರಿ. ಮಕ್ಕಳನ್ನು ಕರೆದುಕೊಂಡು ಸೇಬು ಕೀಳಲು ಹೋಗುವ ತೋಟದಲ್ಲಿ "ಈ ಸಲ ಹೂ ಯಾವಾಗ ಬಂತು?" ಎಂದು ಒಮ್ಮೆ ಕೇಳಿ ನೋಡಿ. ಬೆಲೆ ಕೇಳುವವರು ಬಹಳ ಮಂದಿ. ಹೂವಿನ ತಾರೀಕು ಕೇಳುವವರು ಕಡಿಮೆ. "ತಡವಾಗಿ ಬಂತು" ಎಂಬ ಉತ್ತರ ಸಿಕ್ಕಿದರೆ ಆ ವರ್ಷ ಬುಟ್ಟಿ ತುಂಬಿಸಿಕೊಂಡು ಬನ್ನಿ.