ಕೈತೋಟ: ಗೊಬ್ಬರಕ್ಕೆ ಮುನ್ನ ಮಣ್ಣಿನ ಗುಣ ತಿಳಿಯಿರಿ

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟಿಸಿದ ಬಳಿಕ ಅಂಗಳದ ದಾಸವಾಳ, ಕರಿಬೇವಿನ ಗಿಡಗಳು ಸೊರಗುವುದುಂಟು. ಗೊಬ್ಬರ ಸಾಲದೆಂದು ಭಾವಿಸಿ ಮನೆಯವರು ಮತ್ತಷ್ಟು ಸುರಿಯುತ್ತಾರೆ. ಆದರೆ ಅನೇಕ ಬಾರಿ ಕೊರತೆ ಇರುವುದು ಗೊಬ್ಬರದಲ್ಲಲ್ಲ, ಮಣ್ಣು ಕೆಟ್ಟಿರುತ್ತದೆ.

ಈ ಭಾಗದ ಸಹಜ ಮಣ್ಣು ಕೆಂಪು ಮಣ್ಣು. ಗ್ರಾನೈಟ್ ಜಾತಿಯ ಶಿಲೆಗಳು ಶಿಥಿಲಗೊಂಡು ಉಂಟಾದ ಈ ಮಣ್ಣಿಗೆ ಕಬ್ಬಿಣದ ಆಕ್ಸೈಡ್‌ನಿಂದ ಕೆಂಬಣ್ಣ ಬಂದಿದೆ. ಸಾಮಾನ್ಯವಾಗಿ ತುಸು ಆಮ್ಲೀಯವಾಗಿರುವ ಇದರಲ್ಲಿ ಸಾರಜನಕ ಹಾಗೂ ಸಾವಯವ ಅಂಶ ಕಡಿಮೆ. ಪಾಯ ತೋಡಿದಾಗ ಮೇಲ್ಪದರದ ಫಲವತ್ತಾದ ಮಣ್ಣು ಅಡಿಗೆ ಸೇರಿ, ಅಡಿಯ ಸತ್ವಹೀನ ಮಣ್ಣು ಮೇಲೆ ಬರುತ್ತದೆ. ಅದಕ್ಕೆ ಸಿಮೆಂಟು, ಸುಣ್ಣ, ಗಾರೆಯ ಚೂರುಗಳು ಬೆರೆತರೆ ಮಣ್ಣು ಕ್ಷಾರೀಯವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರುಗಳು ಅದನ್ನು ಹೀರಲಾರವು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಲಕ್ಷಣ. ಬಲಿತ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು.

ಮನೆಯಲ್ಲೇ ಪರೀಕ್ಷೆ

ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು, ಕೆಲವು ಗಂಟೆಗಳಲ್ಲಿ ಗೋಡು, ಒಂದೆರಡು ದಿನಗಳಲ್ಲಿ ಜೇಡಿ ತಳ ಸೇರುತ್ತವೆ. ಮರಳೇ ಹೆಚ್ಚಿದ್ದರೆ ನೀರು ನಿಲ್ಲದು, ಜೇಡಿ ಹೆಚ್ಚಿದ್ದರೆ ಬೇರಿಗೆ ಗಾಳಿಯಾಡದು. ಎರಡಕ್ಕೂ ಪರಿಹಾರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ.

ರಸಸಾರ ತಿಳಿಯಲು ಪ್ರಯೋಗಾಲಯದ ಪರೀಕ್ಷೆ ಅಗತ್ಯ. ಐದಾರು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ನೀಡಬೇಕು. ಬಹುತೇಕ ತರಕಾರಿ, ಹೂಗಿಡಗಳಿಗೆ 6ರಿಂದ 7ರವರೆಗಿನ ರಸಸಾರ ಹಿತಕರ. ಅದಕ್ಕಿಂತ ಹೆಚ್ಚಿದ್ದಲ್ಲಿ ಗಾರೆಯ ಚೂರುಗಳನ್ನು ಆರಿಸಿ ತೆಗೆಯುವುದು ಮೊದಲ ಕೆಲಸ. ಅಂಥ ಮಣ್ಣಿಗೆ ಒಲೆಯ ಬೂದಿ ಹಾಕಬಾರದು, ಅದೂ ಕ್ಷಾರವೇ.

ಮಣ್ಣು ತರಿಸುವಾಗ ಎಚ್ಚರ

ಹೊರಗಿನಿಂದ ಮಣ್ಣು ತರಿಸುವವರು ಅದರ ಮೂಲವನ್ನು ವಿಚಾರಿಸುವುದು ಒಳಿತು. ಕೆಂಗೇರಿಯ ಮಾರ್ಗವಾಗಿ ಹರಿಯುವ ವೃಷಭಾವತಿಯು ದಶಕಗಳಿಂದ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಸಾಗಿದೆ. ಇಂಥ ನೀರುಂಡ ದಡದ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ಸೇರಿರುವ ಅಪಾಯವಿದ್ದು, ಸೊಪ್ಪಿನ ಬೆಳೆಗಳು ಅವನ್ನು ಹೀರಿಕೊಳ್ಳುತ್ತವೆ. ಸೊಪ್ಪನ್ನು ಎಷ್ಟು ತೊಳೆದರೂ ಒಳಸೇರಿದ ಲೋಹ ಹೋಗದು. ಗಿಡ ಹುಲುಸಾಗಿ ಬೆಳೆದಿದೆ ಎಂಬುದೊಂದೇ ಮಣ್ಣು ಶುದ್ಧವೆಂಬುದಕ್ಕೆ ಸಾಕ್ಷಿಯಾಗದು.