ಸಂವಿಧಾನದೊಳಗಿನ ಒಂದು ಅಂಕಿ, ಬರ್ಲಿನ್ನಿನ ಇಕ್ಕಟ್ಟು

ಜರ್ಮನಿಯ ಸೇನೆಗೆ ದುಡ್ಡು ಸಾಲದೆ ಹೋಗಿದ್ದಕ್ಕೆ ಬಡತನ ಕಾರಣವಲ್ಲ. ಆ ದೇಶದ ಸಾರ್ವಜನಿಕ ಸಾಲ ಜಿಡಿಪಿಯ ಶೇ 60ರ ಆಸುಪಾಸಿನಲ್ಲಿದೆ. ನೆರೆಯ ಫ್ರಾನ್ಸ್‌ನದು ಶೇ 110ನ್ನು ದಾಟಿದೆ. ಕೈಕಟ್ಟಿದ್ದು 2009ರಲ್ಲಿ ಸಂವಿಧಾನಕ್ಕೆ ಸೇರಿದ ನಿಯಮ: ಕೇಂದ್ರ ಸರ್ಕಾರದ ರಾಚನಿಕ ಕೊರತೆ (ಆರ್ಥಿಕ ಏರಿಳಿತದ ಪರಿಣಾಮ ಕಳೆದು ಲೆಕ್ಕ ಹಾಕಿದ ಕೊರತೆ) ಜಿಡಿಪಿಯ ಶೇ 0.35 ಮೀರುವಂತಿಲ್ಲ. ತುರ್ತು ಸಂದರ್ಭಕ್ಕೆ ವಿನಾಯಿತಿಯುಂಟು. ನಿಯಮವನ್ನೇ ತಿದ್ದಲು ಮಾತ್ರ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇತ್ತೀಚಿನ ಯಾವ ಮೈತ್ರಿಕೂಟಕ್ಕೂ ಸ್ವಂತ ಬಲದಲ್ಲಿ ಅಷ್ಟು ಮತಗಳಿಲ್ಲ. ಸಾಲಕ್ಕೆ ಮಿತಿ ಇರಲಿ. ಆ ಮಿತಿ ಸಂವಿಧಾನದಲ್ಲಿ ಕೂತಿದ್ದರಿಂದಲೇ ರಕ್ಷಣೆಯ ತೀರ್ಮಾನ ಆಳುವವರ ಕೈತಪ್ಪಿತು ಎಂಬುದು ನನ್ನ ವಾದ.

ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋದ ಮೂರು ದಿನಗಳಿಗೆ, 2022ರ ಫೆಬ್ರುವರಿ 27ರಂದು, ಚಾನ್ಸಲರ್ ಓಲಾಫ್ ಶೋಲ್ಜ್ ಸೇನೆಗೆ 10,000 ಕೋಟಿ ಯೂರೊ ವಿಶೇಷ ನಿಧಿ ಘೋಷಿಸಿದರು. ಅದನ್ನು ಮಿತಿಯಿಂದ ಹೊರಗಿಡಲು ವಿರೋಧ ಪಕ್ಷವಾಗಿದ್ದ ಕ್ರಿಶ್ಚಿಯನ್ ಡೆಮಾಕ್ರಟರ ಮತಗಳೇ ಬೇಕಾದವು. ಮರುವರ್ಷ ನವೆಂಬರ್‌ನಲ್ಲಿ, ಕೋವಿಡ್‌ಗೆಂದು ಮಂಜೂರಾಗಿ ಉಳಿದಿದ್ದ 6,000 ಕೋಟಿ ಯೂರೊ ಸಾಲಾಧಿಕಾರವನ್ನು ಹವಾಮಾನ ನಿಧಿಗೆ ವರ್ಗಾಯಿಸಿದ್ದು ಸಿಂಧುವಲ್ಲ ಎಂದು ಕಾರ್ಲ್ಸ್‌ರೂಹೆಯ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು. ಆಳುತ್ತಿದ್ದ ಮೂರು ಪಕ್ಷಗಳನ್ನು ಒಟ್ಟಿಗೆ ಹಿಡಿದಿಟ್ಟಿದ್ದ ದುಡ್ಡೇ ಕರಗಿತು. ಸೋಷಿಯಲ್ ಡೆಮಾಕ್ರಟರು, ಗ್ರೀನ್ಸ್ ಮತ್ತು ಉದಾರವಾದಿ ಎಫ್‌ಡಿಪಿ ನಡುವೆ ಪ್ರತಿ ಬಜೆಟ್ಟೂ ಕದನವಾಯಿತು. ಉಕ್ರೇನ್ ನೆರವಿಗಾಗಿ ಮಿತಿ ಸಡಿಲಿಸಲು ಒಪ್ಪದ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ಶೋಲ್ಜ್ 2024ರ ನವೆಂಬರ್ 6ರಂದು ವಜಾ ಮಾಡಿದರು, ಸರ್ಕಾರವೂ ಉರುಳಿತು.

ಮಿತಿ ಇಲ್ಲದಿದ್ದರೆ ಪಕ್ಷಗಳು ಪಿಂಚಣಿ, ಸಬ್ಸಿಡಿಗಳನ್ನೆಲ್ಲ ಮೊಮ್ಮಕ್ಕಳ ಲೆಕ್ಕಕ್ಕೆ ಬರೆಯುತ್ತವೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸಾಲದ ಅನುಪಾತ 2010ರ ನಂತರದ ದಶಕದಲ್ಲಿ ಇಳಿದದ್ದೂ ನಿಜ. ಆದರೆ ಸೊರಗಿದ ಸೇನೆ, ದುರಸ್ತಿ ಕಾಣದ ಸೇತುವೆಗಳೂ ಮುಂದಿನ ಪೀಳಿಗೆಯ ಹೆಗಲಿಗೇ ಬೀಳುತ್ತವೆ. ಅವು ಸಾಲದ ಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೆ. ಶಿಸ್ತನ್ನು ಸಾಮಾನ್ಯ ಕಾಯ್ದೆಯೂ ತರಬಲ್ಲದು. ಅದನ್ನು ಸಡಿಲಿಸುವ ಸರ್ಕಾರ ಮತದಾರರಿಗೆ ನೇರವಾಗಿ ಉತ್ತರಿಸಬೇಕಾಗುತ್ತದೆ.

ಮಿತಿ ಸಂವಿಧಾನದಲ್ಲಿದ್ದರೆ ಆ ನೇರ ಉತ್ತರದಾಯಿತ್ವ ತಪ್ಪುತ್ತದೆ ಎಂಬುದಕ್ಕೆ 2025ರಲ್ಲಿ ನಡೆದದ್ದೇ ಸಾಕ್ಷಿ. ಮಿತಿಯನ್ನು ಕಾಯುತ್ತೇವೆಂದು ಪ್ರಚಾರ ಮಾಡಿ ಚುನಾವಣೆ ಗೆದ್ದ ಕ್ರಿಶ್ಚಿಯನ್ ಡೆಮಾಕ್ರಟರ ನಾಯಕ ಫ್ರೆಡ್ರಿಕ್ ಮೆರ್ಜ್, ಕೆಲವೇ ವಾರಗಳಲ್ಲಿ ಅದನ್ನು ತಿದ್ದಲು ಹೊರಟರು. 630 ಸ್ಥಾನಗಳ ಹೊಸ ಸಂಸತ್ತಿನಲ್ಲಿ ತೀವ್ರ ಬಲಪಂಥೀಯ ಎಎಫ್‌ಡಿ ಮತ್ತು ಎಡಪಕ್ಷ ಸೇರಿದರೆ 216. ತಿದ್ದುಪಡಿ ತಡೆಯಲು ಅಷ್ಟು ಧಾರಾಳ. ಹಾಗಾಗಿ ಅವಧಿ ಮುಗಿಯುತ್ತಿದ್ದ ಹಳೆಯ ಸಂಸತ್ತನ್ನೇ ಕರೆದು ಮಾರ್ಚ್ 18ರಂದು ಮೂರನೇ ಎರಡರಷ್ಟು ಬಹುಮತದಿಂದ ತಿದ್ದುಪಡಿ ಪಾಸು ಮಾಡಲಾಯಿತು. ಗ್ರೀನ್ಸ್ ಬೆಂಬಲಕ್ಕೆ ತೆತ್ತ ಬೆಲೆ, ಹವಾಮಾನ ನಿಧಿಗೆ 10,000 ಕೋಟಿ ಯೂರೊ. ನ್ಯಾಯಾಲಯ ತಡೆ ಕೊಡಲಿಲ್ಲ. ಆದರೂ ಮತದಾರರು ಆಗಲೇ ಬದಲಿಸಿದ್ದ ಸದನ ಇಷ್ಟು ದೊಡ್ಡ ನಿರ್ಧಾರ ಮಾಡಿದ್ದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಈಗ ಜಿಡಿಪಿಯ ಶೇ 1ಕ್ಕಿಂತ ಹೆಚ್ಚಿನ ರಕ್ಷಣಾ ವೆಚ್ಚಕ್ಕೆ ಸಾಲದ ಮಿತಿಯೇ ಇಲ್ಲ. ಪಿಂಚಣಿಗಳಿಗೆ ಹಳೆಯ ಬಿಗಿಯೇ. ಇದನ್ನು ಸರಿದೂಗಿಸಹೊರಟರೆ ಮತ್ತೆ 420 ಮತ ಬೇಕು. ಸೋಷಿಯಲ್ ಡೆಮಾಕ್ರಟರೊಂದಿಗಿನ ಮೆರ್ಜ್ ಕೂಟ ಮತ್ತು ಗ್ರೀನ್ಸ್ ಕೂಡಿದರೂ 413. ಉಳಿದ ಏಳಕ್ಕೆ ಎಎಫ್‌ಡಿ ಇಲ್ಲವೇ ಎಡಪಕ್ಷದ ಬಾಗಿಲು ತಟ್ಟಬೇಕು. ಎರಡರೊಂದಿಗೂ ಸಹಕಾರ ಬೇಡವೆಂದು ಮೆರ್ಜ್ ಅವರ ಪಕ್ಷ 2018ರಲ್ಲೇ ನಿರ್ಣಯ ಮಾಡಿಕೊಂಡಿದೆ.