ಒಂದೇ ತಾರೀಖು, ಎರಡು ಊರು: ಮಾರ್ಚ್ 10ರ ವಿಚಾರ

ಕೆಲವು ವರ್ಷಗಳ ಹಿಂದೆ ಮಾಘಮಾಸದಲ್ಲಿ ಅರಸೀಕೆರೆಯ ಸದ್ಭಕ್ತರೊಬ್ಬರ ಮನೆಗೆ ಹೋಗಿದ್ದೆನು. ಹೊಸ ಮನೆಯ ಗೃಹಪ್ರವೇಶವನ್ನು ಮಾರ್ಚ್ 10ರಂದು ನಡೆಸಬೇಕೆಂದು ಅವರಲ್ಲಿ ನಿಶ್ಚಯವಾಗಿತ್ತು. ಅಷ್ಟರಲ್ಲಿ ಕಾಲೇಜಿನಲ್ಲಿ ಓದುವ ಮೊಮ್ಮಗನು ಚರಿತ್ರೆಯ ಪುಸ್ತಕವೊಂದನ್ನು ತಂದು, ಅದೇ ತಾರೀಖಿನಂದು ಮಲಿಕ್ ಕಾಫರನು ಹಳೇಬೀಡಿನ ಸಂಪತ್ತನ್ನೆಲ್ಲ ಹೊತ್ತು ಹೊರಟನೆಂದು ಓದಿ ಹೇಳಿದನಂತೆ. ಮನೆಯ ಹಿರಿಯರ ಮನಸ್ಸು ಕದಡಿತ್ತು. “ಶಾಸ್ತ್ರಿಗಳೇ, ಅಂಥ ದಿನ ಹೊಸ ಹೊಸಿಲು ದಾಟಬಹುದೇ? ಮುಂದಕ್ಕೆ ಹಾಕೋಣವೇ?” ಎಂದು ಕೇಳಿದರು.

ಹುಡುಗನು ಓದಿದ್ದು ಸುಳ್ಳಲ್ಲ. ಆದರೆ ಅದೇ ತಾರೀಖಿನ ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹಳೇಬೀಡಿನಿಂದ ಸುಮಾರು 16 ಕಿಲೋಮೀಟರು ದೂರದ ಬೇಲೂರಿನಲ್ಲಿ, ತಲಕಾಡನ್ನು ಚೋಳರಿಂದ ಗೆದ್ದ ವಿಷ್ಣುವರ್ಧನನು ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠಾಪಿಸಿದ ದಿನವನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ಅದು ಶಕವರ್ಷ 1039, ಹೇಮಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. ವಿದ್ವಾಂಸರು ಇದನ್ನು ಕ್ರಿ.ಶ. 1117ರ ಮಾರ್ಚ್ 10ಕ್ಕೆ ಹೊಂದಿಸಿದ್ದಾರೆ. ಹೊಯ್ಸಳರ ಶಿಲ್ಪವೈಭವಕ್ಕೆ ನಾಂದಿಯಾದ ದಿನವೆಂದರೆ ತಪ್ಪಾಗಲಾರದು. ಆ ಅರಸನ ಪಟ್ಟಮಹಿಷಿ ಶಾಂತಲೆಯು ಜಿನಭಕ್ತೆ. ಅವನ ರಾಜಧಾನಿಯಲ್ಲಿ ಎದ್ದುದು ಹೊಯ್ಸಳೇಶ್ವರನ ಶಿವಾಲಯ. ಈ ಮಾತನ್ನು ನಮ್ಮವರೂ ನೆನಪಿನಲ್ಲಿಡುವುದು ಒಳ್ಳೆಯದು.

ಅಲ್ಲಿಂದ 194 ವರ್ಷಗಳು ಕಳೆದವು. 1311ರಲ್ಲಿ ಮೂರನೆಯ ವೀರಬಲ್ಲಾಳನು ಪಾಂಡ್ಯ ಸಹೋದರರ ಕಲಹದ ಲಾಭ ಪಡೆಯಲೆಂದು ದಕ್ಷಿಣಕ್ಕೆ ಹೋಗಿದ್ದಾಗ, ಅಲಾವುದ್ದೀನ್ ಖಿಲ್ಜಿಯ ದಂಡನಾಯಕನಾದ ಮಲಿಕ್ ಕಾಫರನು ಫೆಬ್ರವರಿಯ ಕೊನೆಯಲ್ಲಿ ದೋರಸಮುದ್ರದ ಬಾಗಿಲಿಗೆ ಬಂದು ನಿಂತನು. ಬಲ್ಲಾಳನು ಧಾವಿಸಿ ಬಂದರೂ ಫಲವಾಗಲಿಲ್ಲ. ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಿ, ಕಪ್ಪಕ್ಕೆ ಒಡಂಬಟ್ಟು, ಮುಂದಿನ ಪಾಂಡ್ಯ ದಂಡಯಾತ್ರೆಗೆ ನೆರವಾಗಲೂ ತಲೆಬಾಗಬೇಕಾಯಿತು. ಅಮೀರ್ ಖುಸ್ರೋ ಬರೆದಿಟ್ಟ ದಂಡಯಾತ್ರೆಯ ವೃತ್ತಾಂತದಂತೆ ಸೈನ್ಯವು ತಮಿಳುನಾಡಿನತ್ತ ಹೊರಟದ್ದು ಹಿಜರಿ 710ರ ಶವ್ವಾಲ್ 18, ಬುಧವಾರ. ಅದೂ ಮಾರ್ಚ್ 10.

ಹಳೇಬೀಡು ಹಾಳಾದದ್ದು ಆ ದಿನವೇ ಎಂಬ ಜನರ ನಂಬಿಕೆ ಮಾತ್ರ ಸರಿಯಲ್ಲ. ಅಂದು ಸೋಲಾಯಿತು, ಸುಲಿಗೆಯಾಯಿತು, ರಾಜ್ಯವು ಉಳಿಯಿತು. ದೆಹಲಿಗೆ ಕಳುಹಿಸಲ್ಪಟ್ಟ ಬಲ್ಲಾಳನ ಮಗನು 1313ರಲ್ಲಿ ಹಿಂದಿರುಗಿದುದನ್ನು ಶಾಸನವು ಸಂತೋಷದಿಂದ ದಾಖಲಿಸಿದೆ. ರಾಜಧಾನಿಯು ಮತ್ತೆ ಏಳದಂತೆ ಪೆಟ್ಟು ತಿಂದದ್ದು 1327ರ ಸುಮಾರಿಗೆ, ಮುಹಮ್ಮದ್ ಬಿನ್ ತುಘಲಕನ ಸೈನ್ಯದಿಂದ.

ಇಷ್ಟನ್ನು ಕೇಳಿದ ಹಿರಿಯರು, “ಹಾಗಾದರೆ ಅದು ಒಳ್ಳೆಯ ದಿನವೋ, ಕೆಟ್ಟ ದಿನವೋ?” ಎಂದರು. ನಾನು ಮಠದಲ್ಲಿ ಗುರುಗಳ ಬಳಿ ಪಂಚಾಂಗದ ಗಣಿತವನ್ನು ಕಲಿತವನು. ಕಾಗದ ತರಿಸಿ ಲೆಕ್ಕ ಹಾಕಿ ತೋರಿಸಿದೆ. ಬೇಲೂರಿನದು ಚೈತ್ರದ ಶುಕ್ಲಪಕ್ಷ. ಹಳೇಬೀಡಿನದು ಸಾಧಾರಣ ಸಂವತ್ಸರದ ಫಾಲ್ಗುಣ ಬಹುಳ. ಮಾಸ ಬೇರೆ, ಪಕ್ಷ ಬೇರೆ, ವಾರವೂ ಬೇರೆ. ಆ ಕಾಲದ ಕನ್ನಡಿಗರಾರೂ ಇವೆರಡನ್ನು ಒಂದೇ ದಿನವೆಂದು ಎಣಿಸುತ್ತಿರಲಿಲ್ಲ; ಮಾರ್ಚ್ ಎಂಬ ಹೆಸರನ್ನೇ ಅವರು ಕೇಳಿರಲಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಚರಿತ್ರಕಾರರು 1582ಕ್ಕೆ ಹಿಂದಿನ ದಿನಗಳನ್ನು ರೋಮನರ ಹಳೆಯ ಜೂಲಿಯನ್ ಗಣನೆಯಲ್ಲಿ ಹೇಳುವುದು ರೂಢಿ. ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರು ಗ್ರೆಗೋರಿಯನ್ ಪದ್ಧತಿಯದು. ಅದರ ಪ್ರಕಾರ ಬೇಲೂರಿನ ಪ್ರತಿಷ್ಠೆ 1117ರ ಮಾರ್ಚ್ 17ಕ್ಕೆ ಬರುತ್ತದೆ, ಕಾಫರನ ನಿರ್ಗಮನ 1311ರ ಮಾರ್ಚ್ 18ಕ್ಕೆ. ಹಳೆಯ ಗಣನೆಯಲ್ಲಿ 1300ನೆಯ ವರ್ಷಕ್ಕೆ ಅಧಿಕ ದಿನವುಂಟು, ಹೊಸದರಲ್ಲಿ ಇಲ್ಲ. ಆದುದರಿಂದ ನಡುವೆ ಒಂದು ದಿನ ಜಾರಿತು. ಗೃಹಪ್ರವೇಶಕ್ಕೆ ಗೊತ್ತುಮಾಡಿದ ಮಾರ್ಚ್ 10ಕ್ಕೂ ಈ ಎರಡು ಘಟನೆಗಳಿಗೂ ಹೆಸರಿನ ಹೊರತು ಬೇರೆ ಸಂಬಂಧವೇ ಇಲ್ಲ! ಮೊಮ್ಮಗನು ನಕ್ಕುಬಿಟ್ಟನು.

ಶರಣರಾದರೋ ಇಷ್ಟು ಲೆಕ್ಕವನ್ನೂ ಬೇಡಿದವರಲ್ಲ. ವಾರ ತಿಥಿಗಳಲ್ಲಿ ಶುಭಾಶುಭವನ್ನು ಹುಡುಕುವುದನ್ನು ಅವರು ಒಪ್ಪಲಿಲ್ಲ. ಈ ನೆಲದಲ್ಲಿಯೇ ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದು, “ದೀಕ್ಷಾಬೋಧೆ”ಯನ್ನು ರಚಿಸಿದ ಪದ್ಮರಸನು “ಕೆರೆಯ ಪದ್ಮರಸ”ನೆಂದು ಹೆಸರಾದದ್ದು ಬೇಲೂರಿನಲ್ಲಿ ಕೆರೆ ಕಟ್ಟಿಸಿದುದರಿಂದ. ಮಹಾಕವಿ ಹರಿಹರನು ಹಂಪೆಗೆ ಹೋಗುವ ಮುನ್ನ ಇದೇ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಸಂಪ್ರದಾಯವು ಹೇಳುತ್ತದೆ. ನಮ್ಮ ಮನೆಗಳಲ್ಲಿ ಹಳೇಬೀಡಿನ ಮಾತು ಬಂದಾಗ ಕಾಫರನ ಹೆಸರು ಮೊದಲು ಬರುತ್ತದೆ, ಪದ್ಮರಸನ ಹೆಸರು ಬರುವುದೇ ಇಲ್ಲ. ನನಗೆ ವ್ಯಥೆಯಾಗುವುದು ಇದಕ್ಕೆ.

ಅರಸೀಕೆರೆಯ ಆ ಹಿರಿಯರಿಗೆ ಅವರ ಊರಿನದೇ ಒಂದು ಮಾತನ್ನು ಹೇಳಿ ಎದ್ದೆನು. ನಕ್ಷತ್ರಾಕಾರದ ಮುಖಮಂಟಪವುಳ್ಳ ಅಲ್ಲಿಯ ಈಶ್ವರ ದೇವಾಲಯವು 1220ರದು. ಆ ಎರಡು ಮಾರ್ಚ್ 10ರ ನಡುವೆ ಎದ್ದು, ಎರಡನೆಯದನ್ನೂ ದಾಟಿ ಇಂದಿಗೂ ನಿಂತಿದೆ. ಗೃಹಪ್ರವೇಶವು ಗೊತ್ತುಮಾಡಿದ ದಿನವೇ ನಡೆಯಿತು. ಜಂಗಮ ದಾಸೋಹ ಮುಗಿದ ಮೇಲೆ ಮೊಮ್ಮಗನು ನೆಂಟರ ಮಕ್ಕಳನ್ನು ಕರೆದುಕೊಂಡು ಆ ಗುಡಿಯನ್ನು ತೋರಿಸಲು ಹೋದನು.